ಅಜ್ಜಿಯರ ಹಾಡು, ಯೂರೋಪಿನ ನಗೆ

ನಗೆ ಒಂದೇ ಬಗೆಯದಲ್ಲ ಎಂಬುದು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸ ಮಾತಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸವನ್ನು ನಿರೂಪಿಸುವಾಗ ನಗೆಯಲ್ಲಿ ಆರು ಬಗೆಗಳನ್ನು ಎಣಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲಿನ ಎರಡು ಉತ್ತಮ ಪ್ರಕೃತಿಯವರವು, ನಡುವಿನ ಎರಡು ಮಧ್ಯಮರವು, ಕೊನೆಯ ಎರಡು ಅಧಮರವು ಎಂದು ಅವನ ವಿಭಾಗ. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಈ ತಾರತಮ್ಯ ನಗೆಗೆ ಗುರಿಯಾದ ವಸ್ತುವಿಗೆ ಸಂಬಂಧಿಸಿದುದಲ್ಲ, ನಗುವವರಿಗೆ ಸಂಬಂಧಿಸಿದುದು. ಒಂದೇ ದೃಶ್ಯವನ್ನು ಕಂಡು ಒಬ್ಬನ ಕೆನ್ನೆಗಳು ಅರಳಿದರೆ ಮತ್ತೊಬ್ಬ ಪಕ್ಕೆ ಹಿಡಿದುಕೊಂಡು ಹೊರಳಾಡಬಹುದು. ದೃಶ್ಯವೇನೋ ಅದೇ, ನೋಡಿದವರ ಸಂಸ್ಕಾರ ಬೇರೆ.

ಈ ಹಳೆಯ ಮಾತಿಗೆ ಹೊಸ ಕಾಲದ ನಿದರ್ಶನವೊಂದು ನಮಗೆ ತೀರ ದೂರದ ಒಂದೆಡೆಯಲ್ಲಿ ಸಿಗುತ್ತದೆ. ೨೦೧೨ನೆಯ ಇಸವಿಯ ಮೇ ೨೬ರ ರಾತ್ರಿ ಅಜೆರ್‌ಬೈಜಾನಿನ ರಾಜಧಾನಿಯಾದ ಬಾಕುವಿನಲ್ಲಿ ಯೂರೋವಿಷನ್ ಗೀತಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ರಷ್ಯಾ ದೇಶದ ಪರವಾಗಿ ಆ ವೇದಿಕೆಯನ್ನೇರಿದವರು ಆರು ಮಂದಿ ಹಳ್ಳಿಯ ಹೆಂಗಸರು. ಹೆಚ್ಚಿನವರು ಮೊಮ್ಮಕ್ಕಳನ್ನು ಕಂಡ ಅಜ್ಜಿಯರು. ತಲೆಗೆ ಚೌಕ ಕಟ್ಟಿ, ಕಾಲಿಗೆ ಮರದ ನಾರಿನಿಂದ ಹೆಣೆದ ಪಾದರಕ್ಷೆ ತೊಟ್ಟು, ರೊಟ್ಟಿ ಸುಡುವ ಒಲೆಯೊಂದನ್ನು ನಡುವೆ ಇಟ್ಟುಕೊಂಡು ಅವರು ಹಾಡಿ ಕುಣಿದರು. ಕೋಟ್ಯಂತರ ಜನ ನೋಡಿದರು, ಲಕ್ಷಾಂತರ ಜನ ನಕ್ಕರು, ಅವರಲ್ಲಿ ಬಹಳ ಮಂದಿ ಮತವನ್ನೂ ಹಾಕಿದರು. ಆ ನಗೆಯಲ್ಲಿ ಯಾವ ಯಾವ ಬಗೆಗಳಿದ್ದವು, ಅದರಿಂದ ಯಾರಿಗೆ ಏನು ದಕ್ಕಿತು, ಏನು ದಕ್ಕಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಮೊದಲು ಸ್ಪರ್ಧೆಯ ವಿಚಾರ. ಎರಡನೆಯ ಮಹಾಯುದ್ಧದ ಅನಂತರ ಪಶ್ಚಿಮ ಯೂರೋಪಿನ ಪ್ರಸಾರ ಸಂಸ್ಥೆಗಳು ೧೯೫೦ರಲ್ಲಿ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಒಂದೇ ಕಾರ್ಯಕ್ರಮವನ್ನು ಹಲವು ದೇಶಗಳ ದೂರದರ್ಶನದಲ್ಲಿ ಏಕಕಾಲಕ್ಕೆ ತೋರಿಸುವ ಪ್ರಯೋಗದ ಅಂಗವಾಗಿ ೧೯೫೬ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣದಲ್ಲಿ ಏಳು ದೇಶಗಳು ಸೇರಿ ಮೊದಲ ಗೀತಸ್ಪರ್ಧೆಯನ್ನು ನಡೆಸಿದವು. ದೇಶಕ್ಕೊಂದು ಹೊಸ ಹಾಡು, ಪ್ರತಿಯೊಂದು ದೇಶದಿಂದಲೂ ಅಂಕ, ಹೆಚ್ಚು ಅಂಕ ಪಡೆದದ್ದಕ್ಕೆ ಗೆಲುವು: ಇಂದಿಗೂ ಇದೇ ಅದರ ಮೂಲಸೂತ್ರ. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚಿರಬಾರದು. ಬಾಕುವಿನ ಹೊತ್ತಿಗೆ ಸ್ಪರ್ಧೆಗೆ ಬಂದ ದೇಶಗಳ ಸಂಖ್ಯೆ ೪೨ಕ್ಕೆ ಏರಿತ್ತು. ಅಂತಿಮ ಸುತ್ತಿನಲ್ಲಿ ೨೬ ಹಾಡುಗಳಿದ್ದವು.

ಭಾಷೆಯ ವಿಷಯದಲ್ಲಿ ಈ ಸ್ಪರ್ಧೆಯ ಧೋರಣೆ ಹಲವು ಬಾರಿ ಹೊರಳಿದೆ. ೧೯೬೬ರಿಂದ ೧೯೭೨ರವರೆಗೆ ಆಯಾ ದೇಶದವರು ತಮ್ಮ ದೇಶದ ಭಾಷೆಯಲ್ಲಿಯೇ ಹಾಡಬೇಕೆಂಬ ಕಟ್ಟಳೆಯಿತ್ತು. ೧೯೭೩ರಲ್ಲಿ ಅದನ್ನು ಸಡಿಲಿಸಿ, ೧೯೭೭ರಲ್ಲಿ ಮತ್ತೆ ಬಿಗಿಗೊಳಿಸಿ, ೧೯೯೯ರಿಂದ ಪೂರ್ತಿಯಾಗಿ ಕೈಬಿಟ್ಟರು. ಕಟ್ಟಳೆ ಹೋದೊಡನೆ ಬಹುಪಾಲು ದೇಶಗಳು ಇಂಗ್ಲಿಷಿಗೆ ಹೊರಳಿದವು. ಅದೇ ಕಾಲಕ್ಕೆ ಮತ್ತೊಂದು ಬದಲಾವಣೆಯೂ ಆಯಿತು. ಅದುವರೆಗೆ ತೀರ್ಪುಗಾರರ ಮಂಡಲಿಗಳೇ ಅಂಕ ಕೊಡುತ್ತಿದ್ದವು. ೧೯೯೭ರಲ್ಲಿ ಐದು ದೇಶಗಳಲ್ಲಿ ಪ್ರಯೋಗವಾಗಿ ಆರಂಭಗೊಂಡ ದೂರವಾಣಿ ಮತ ಮರುವರ್ಷವೇ ಹೆಚ್ಚಿನ ದೇಶಗಳಿಗೆ ಹಬ್ಬಿತು. ಮನೆಯಲ್ಲಿ ಕುಳಿತು ನೋಡುವ ಸಾಮಾನ್ಯನೇ ತೀರ್ಪುಗಾರನಾದ.

ವಿಚಿತ್ರವೆನಿಸುವ ಹಾಡುಗಳು ಈ ವೇದಿಕೆಯಲ್ಲಿ ಹೆಚ್ಚಾದುದಕ್ಕೆ ಕಾರಣವನ್ನು ಇಲ್ಲಿಯೇ ಕಾಣಬಹುದು. ಇಪ್ಪತ್ತಾರು ಹಾಡುಗಳನ್ನು ಒಂದರ ಹಿಂದೊಂದು, ಅದೂ ಮೊದಲ ಬಾರಿಗೆ ಕೇಳಿದವನ ನೆನಪಿನಲ್ಲಿ ಕೊನೆಗೆ ನಿಲ್ಲುವುದು ಮೂರೋ ನಾಲ್ಕೋ. ಇಂಪಾದದ್ದು ನಿಲ್ಲದಿರಬಹುದು, ಬೇರೆಯಾದದ್ದು ನಿಂತೇ ನಿಲ್ಲುತ್ತದೆ. ೧೯೮೦ರಲ್ಲಿಯೇ ಬೆಲ್ಜಿಯಮ್ಮಿನ ಟೆಲೆಕ್ಸ್ ಎಂಬ ತಂಡ ಸ್ಪರ್ಧೆಯನ್ನೇ ಅಣಕಿಸುವ ಹಾಡನ್ನು ಹಾಡಿ ಹತ್ತೊಂಬತ್ತರಲ್ಲಿ ಹದಿನೇಳನೆಯ ಸ್ಥಾನ ಪಡೆದಿತ್ತು. ಆಗ ಮತ ಮಂಡಲಿಗಳ ಕೈಯಲ್ಲಿತ್ತು. ದೂರವಾಣಿಯ ಕಾಲ ಬಂದ ಮೇಲೆ, ೨೦೦೬ರಲ್ಲಿ, ರಾಕ್ಷಸರ ಮುಖವಾಡ ತೊಟ್ಟ ಫಿನ್‌ಲೆಂಡಿನ ಲೋರ್ಡಿ ತಂಡ ಮೊದಲ ಸ್ಥಾನವನ್ನೇ ಗೆದ್ದಿತು. ವೈಚಿತ್ರ್ಯ ಮಾತ್ರದಿಂದಲೇ ಗೆಲುವು ಎಂದೂ ಹೇಳುವಂತಿಲ್ಲ. ೨೦೦೮ರಲ್ಲಿ ಐರ್ಲೆಂಡ್ ಟರ್ಕಿ ಕೋಳಿಯ ಬೊಂಬೆಯೊಂದನ್ನು ಕಳುಹಿಸಿ ಉಪಾಂತ್ಯದಲ್ಲಿಯೇ ಸೋತಿತು. ಸಂಗೀತಕ್ಕಿಂತ ಸೋಜಿಗಕ್ಕೂ ನೆರೆಹೊರೆಯ ಪಕ್ಷಪಾತಕ್ಕೂ ಮತ ಹೋಗುತ್ತಿದೆಯೆಂಬ ದೂರು ಬಲವಾದಾಗ, ೨೦೦೯ರಿಂದ ಅಂತಿಮ ಸುತ್ತಿನಲ್ಲಿ ಅರ್ಧ ಅಧಿಕಾರವನ್ನು ಸಂಗೀತವೃತ್ತಿಯವರ ಮಂಡಲಿಗಳಿಗೆ ಮರಳಿ ಕೊಟ್ಟರು. ಅಜ್ಜಿಯರು ಬಾಕುವಿಗೆ ಬಂದದ್ದು ಈ ಅರ್ಧಾರ್ಧದ ವ್ಯವಸ್ಥೆಯಲ್ಲಿ.

ಈಗ ಆ ಅಜ್ಜಿಯರ ಊರು, ನುಡಿಗಳ ಕಡೆಗೆ ತಿರುಗೋಣ. ವೋಲ್ಗಾ ನದಿಗೂ ಉರಾಲ್ ಪರ್ವತಗಳಿಗೂ ನಡುವೆ ಉದ್ಮುರ್ತಿಯಾ ಎಂಬ ಪ್ರಾಂತವಿದೆ. ರಷ್ಯನ್ ಒಕ್ಕೂಟದ ಗಣರಾಜ್ಯಗಳಲ್ಲಿ ಅದೂ ಒಂದು. ಇಝೆವ್ಸ್ಕ್ ಅದರ ರಾಜಧಾನಿ. ಬುರಾನೊವೊ ಅದರ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿಯ ಜನರ ನುಡಿ ಉದ್ಮುರ್ತ್. ಅದು ರಷ್ಯನ್ನಿನ ಉಪಭಾಷೆಯಲ್ಲ. ರಷ್ಯನ್ ಇಂಡೋ-ಯೂರೋಪಿಯನ್ ವರ್ಗದ್ದಾದರೆ ಉದ್ಮುರ್ತ್ ಸೇರುವುದು ಫಿನ್ನೊ-ಉಗ್ರಿಕ್ ವರ್ಗಕ್ಕೆ. ನೆರೆಯ ಕೋಮಿ ಅದರ ಒಡಹುಟ್ಟು. ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್ ಭಾಷೆಗಳು ದೂರದ ದಾಯಾದಿಗಳು. ಸುತ್ತಲೂ ಹಬ್ಬಿದ ದೊಡ್ಡ ಭಾಷೆಗೂ ತನಗೂ ಕುಲಸಂಬಂಧವೇ ಇಲ್ಲದಿದ್ದರೂ ಅದರ ನಡುವೆಯೇ ಬಾಳಬೇಕಾದ ಭಾಷೆ ಇದು.

ಬುರಾನೊವೊದ ಹೆಂಗಸರು ಕೂಡಿ ಹಾಡುತ್ತಿದ್ದುದು ತಮ್ಮ ಊರಿನ ಹಳೆಯ ಹಾಡುಗಳನ್ನು. ತಂಡದ ಮುಂದಾಳು ಓಲ್ಗಾ ತುಕ್ತಾರ್ಯೋವಾ ಎಂಬವರು ಬೀಟಲ್ಸ್ ತಂಡದ ಹಾಡುಗಳನ್ನೂ ರಷ್ಯದ ಜನಪ್ರಿಯ ಗಾಯಕ ವಿಕ್ಟರ್ ತ್ಸೋಯ್‌ನ ಹಾಡುಗಳನ್ನೂ ಉದ್ಮುರ್ತಿಗೆ ತಿರುಗಿಸಿದರು. ಇವನ್ನು ಅಜ್ಜಿಯರು ತಮ್ಮದೇ ಧಾಟಿಯಲ್ಲಿ ಹಾಡತೊಡಗಿದಾಗ ಹಳ್ಳಿಯ ಗಡಿಯಾಚೆಗೂ ಹೆಸರು ಹರಡಿತು. ಅವರಿಗೊಂದು ಗುರಿಯೂ ಇತ್ತು. ಊರಿನ ಚರ್ಚು ಸೋವಿಯತ್ ಕಾಲದಲ್ಲಿ ನೆಲಸಮವಾಗಿತ್ತು. ಹಾಡಿ ಬಂದ ಹಣದಿಂದ ಅದನ್ನು ಮತ್ತೆ ಕಟ್ಟಿಸಬೇಕೆಂಬುದು ಅವರ ಸಂಕಲ್ಪ.

೨೦೧೦ರಲ್ಲಿ ಅವರು ಮೊದಲ ಬಾರಿಗೆ ರಷ್ಯದ ಆಯ್ಕೆಯ ಸುತ್ತಿಗೆ ಬಂದು ಮೂರನೆಯವರಾದರು. ಅಂದಿನ ಹಾಡು ತಂಡದ ಹಿರಿಯ ಸದಸ್ಯೆಯೊಬ್ಬರೇ ಕಟ್ಟಿದ್ದು. ಭೂರ್ಜವೃಕ್ಷದ ಉದ್ದವಾದ ತೊಗಟೆಯಿಂದ ಆಯ್‌ಷೊನ್ ಎಂಬ ಸಾಂಪ್ರದಾಯಿಕ ಶಿರೋಭೂಷಣವನ್ನು ಮಾಡುವುದು ಅದರ ವಸ್ತು. ಎರಡು ವರ್ಷಗಳ ಬಳಿಕ ಅವರು ಮತ್ತೆ ಬಂದರು. ಆ ಹೊತ್ತಿಗೆ ಅವರ ಹಿಂದೆ ನಿರ್ಮಾಪಕರಿದ್ದರು, ವೃತ್ತಿನಿರತ ಸಂಗೀತ ಸಂಯೋಜಕರಿದ್ದರು. ‘ಪಾರ್ಟಿ ಫಾರ್ ಎವ್ರಿಬಡಿ’ ಎಂಬ ಇಂಗ್ಲಿಷ್ ಹೆಸರಿನ ಹೊಸ ಹಾಡು ಸಿದ್ಧವಾಗಿತ್ತು. ೨೦೦೮ರಲ್ಲಿ ಇದೇ ಯೂರೋವಿಷನ್ನನ್ನು ಗೆದ್ದಿದ್ದ ದೀಮಾ ಬಿಲಾನ್ ಒಬ್ಬ ಜೊತೆಗಾತಿಯೊಡನೆ ಆಯ್ಕೆಯ ಕಣದಲ್ಲಿದ್ದ. ಹಳ್ಳಿಯ ಹೆಂಗಸರು ಆ ಜೋಡಿಯನ್ನು ಹಿಂದಿಕ್ಕಿ ಬಾಕುವಿಗೆ ಹೊರಟರು.

ಆ ಹಾಡಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ಎರಡು ಪಾತಳಿಗಳಿವೆ. ಆರಂಭದಲ್ಲಿ ನಿಧಾನವಾದ, ಎಲ್ಲರೂ ಒಂದಾಗಿ ಎಳೆದು ಹಾಡುವ ಹಳ್ಳಿಯ ಧಾಟಿ. ನಡುನಡುವೆ ಬಡಿಬಡಿದು ಬರುವ ನೃತ್ಯಶಾಲೆಯ ತಾಳ, ಅದರೊಡನೆ ಇಂಗ್ಲಿಷ್ ಪಲ್ಲವಿ. ಆ ಪಲ್ಲವಿಯಲ್ಲಿ ಹೇಳುವುದು ಬನ್ನಿ ಕುಣಿಯೋಣ ಎಂಬಷ್ಟೇ. ಅದು ಯೂರೋಪಿಗೆಲ್ಲ ತಿಳಿಯಿತು. ತಿಳಿಯದೇ ಹೋದದ್ದು ಉದ್ಮುರ್ತ್ ಭಾಗ. ಅದರ ತಾತ್ಪರ್ಯ ಹೀಗೆ: ಮೇಜಿಗೆ ಬಟ್ಟೆ ಹಾಸಿದೆ, ನಾದಿಟ್ಟ ಹಿಟ್ಟು ಉಬ್ಬಿ ಬರುತ್ತಿದೆ, ಮಕ್ಕಳು ಮನೆಗೆ ಬರುತ್ತಿದ್ದಾರೆ, ಮನಸ್ಸಿಗೆ ಹಿಗ್ಗಾಗಿದೆ, ಎಲ್ಲರೂ ಸೇರಿ ಹಾಡಿ ಕುಣಿಯೋಣ. ದೂರದ ಊರುಗಳಲ್ಲಿ ನೆಲೆಸಿದ ಮಕ್ಕಳ ದಾರಿ ಕಾಯುವ ತಾಯಿಯ ಹಾಡು ಇದು. ವೇದಿಕೆಯ ಮೇಲೆ ಒಲೆಯನ್ನು ಇಟ್ಟದ್ದೂ, ಕೊನೆಯಲ್ಲಿ ಒಲೆಯಿಂದ ತೆಗೆದ ತಿನಿಸಿನ ತಟ್ಟೆಯನ್ನು ನೋಡುವವರ ಕಡೆಗೆ ಹಿಡಿದದ್ದೂ ಅರ್ಥವಿಲ್ಲದ ಚೇಷ್ಟೆಯಲ್ಲ. ಹಾಡಿನ ಮಾತನ್ನೇ ಅವರು ಅಭಿನಯಿಸಿ ತೋರಿಸುತ್ತಿದ್ದರು.

ಅಭಿಮಾನಿಗಳ ಅಭಿಪ್ರಾಯಗಳಿಗೆ ಈಗ ಬರಬಹುದು. ಈ ಸ್ಪರ್ಧೆಯನ್ನು ವರ್ಷವಿಡೀ ಹಿಂಬಾಲಿಸುವ, ಹಳೆಯ ಹಾಡುಗಳ ಅಂಕಗಳನ್ನು ಬಾಯಿಪಾಠವಾಗಿ ಹೇಳಬಲ್ಲ ರಸಿಕವರ್ಗವೊಂದು ಯೂರೋಪಿನಲ್ಲಿದೆ. ಅಜ್ಜಿಯರನ್ನು ಕುರಿತು ಆ ವರ್ಗದಲ್ಲಿ ಮುಖ್ಯವಾಗಿ ನಾಲ್ಕು ಪಕ್ಷಗಳು ಎದ್ದವು.

ಮೊದಲನೆಯ ಪಕ್ಷದ ಪ್ರಕಾರ ಇದು ಬರಿಯ ತಮಾಷೆ. ಹಾಡಿನ ಸ್ಪರ್ಧೆಗೆ ಹಾಡುಗಾರಿಕೆ ಬೇಕು. ಇಲ್ಲಿ ಕಂಠಸಂಸ್ಕಾರವಿಲ್ಲ, ಶ್ರುತಿ ನಿಲ್ಲುವುದಿಲ್ಲ, ರಾಗದ ಬೆಳವಣಿಗೆಯೂ ಇಲ್ಲ. ಮುದ್ದಾದ ಮುದುಕಿಯರನ್ನು ತೋರಿಸಿ ಮತ ಕೀಳುವುದು ವರ್ಷಗಟ್ಟಲೆ ಸಾಧನೆ ಮಾಡಿದ ಗಾಯಕರಿಗೆ ಬಗೆದ ಅನ್ಯಾಯ. ಎರಡನೆಯ ಪಕ್ಷದವರು ಇದಕ್ಕೆ ತೀರ ವಿರುದ್ಧ. ಅಳೆದು ತೂಗಿ ಸಿದ್ಧಪಡಿಸಿದ, ಒಂದರಂತೆ ಒಂದು ಇರುವ ಹಾಡುಗಳ ನಡುವೆ ಇದೊಂದೇ ಜೀವವುಳ್ಳದ್ದು. ಈ ಹೆಂಗಸರು ಕೀರ್ತಿಗಾಗಿ ಬಂದವರಲ್ಲ, ಚರ್ಚಿಗಾಗಿ ಬಂದವರು. ಇವರ ಮುಖದ ಸಂತೋಷ ನಟನೆಯಲ್ಲ ಎಂಬುದು ಅವರ ವಾದ.

ಮೂರನೆಯ ಪಕ್ಷ ಸೂಕ್ಷ್ಮವಾದದ್ದು. ಅಜ್ಜಿಯರು ನಿಜ, ಹಾಡು ಸುಳ್ಳು ಎಂದು ಈ ಪಕ್ಷದ ಮಾತನ್ನು ಸಂಗ್ರಹಿಸಬಹುದು. ೨೦೧೦ರ ಭೂರ್ಜದ ಹಾಡನ್ನು ಕೇಳಿ ಮೆಚ್ಚಿದ್ದವರಿಗೆ ಇಂಗ್ಲಿಷ್ ಪಲ್ಲವಿಯೂ ಯಂತ್ರದ ತಾಳವೂ ಹೊರಗಿನಿಂದ ತಂದು ಅಂಟಿಸಿದ ತೇಪೆಯಾಗಿ ತೋರಿದವು. ನಾಲ್ಕನೆಯ ಪಕ್ಷದವರ ಕಣ್ಣು ವೇದಿಕೆಯ ಹಿಂಭಾಗದ ಮೇಲಿತ್ತು. ಹಳ್ಳಿಯ ಹೆಂಗಸರನ್ನು ಮುಂದಿಟ್ಟು ಲಾಭ ಪಡೆಯುವವರು ಯಾರು? ಒಂದು ಸಣ್ಣ ಜನಾಂಗವನ್ನು ಒಲೆ, ಚೌಕ, ಮುದಿತನಗಳಿಗೆ ಕಟ್ಟಿಹಾಕಿ ತೋರಿಸಿದರೆ ಅದರ ಮಾನ ಹೆಚ್ಚುತ್ತದೆಯೇ? ಈ ಸಂದೇಹ ಸ್ವತಃ ಉದ್ಮುರ್ತ್ ಜನರಲ್ಲಿಯೂ ಇಲ್ಲದೆ ಇರಲಿಲ್ಲ. ನಮ್ಮ ನುಡಿ ಲೋಕಕ್ಕೆ ಕೇಳಿಸಿತು ಎಂಬ ಹೆಮ್ಮೆಯ ಪಕ್ಕದಲ್ಲಿಯೇ ನಮ್ಮನ್ನು ಬೊಂಬೆಗಳಂತೆ ಕಂಡರೇ ಎಂಬ ಅಳುಕು ನಿಂತಿತ್ತು.

ಫಲಿತಾಂಶದ ಅಂಕೆಗಳು ಈ ವಾದಗಳ ಮೇಲೆ ಒಂದಿಷ್ಟು ಬೆಳಕು ಚೆಲ್ಲುತ್ತವೆ. ಅಜ್ಜಿಯರು ತಮ್ಮ ಉಪಾಂತ್ಯ ಸುತ್ತಿನಲ್ಲಿ ೧೫೨ ಅಂಕಗಳೊಡನೆ ಮೊದಲಿಗರಾದರು. ಅಂತಿಮ ಸುತ್ತಿನಲ್ಲಿ ೨೫೯ ಅಂಕ ಪಡೆದು ಎರಡನೆಯ ಸ್ಥಾನಕ್ಕೆ ಬಂದರು. ೩೭೨ ಅಂಕಗಳೊಡನೆ ಗೆದ್ದವಳು ಸ್ವೀಡನ್ನಿನ ಲೊರೀನ್. ಅಂತಿಮ ಸುತ್ತಿನ ಲೆಕ್ಕವನ್ನು ಆಮೇಲೆ ಎರಡಾಗಿ ಬಿಡಿಸಿ ಪ್ರಕಟಿಸಿದಾಗ ಕುತೂಹಲಕರವಾದ ಸಂಗತಿ ಹೊರಬಿತ್ತು. ಜನರ ಮತ ಒಂದನ್ನೇ ಎಣಿಸಿದರೆ ಲೊರೀನಳಿಗೆ ೩೪೩, ಅಜ್ಜಿಯರಿಗೆ ೩೩೨: ಕೂದಲೆಳೆಯ ಅಂತರ. ಮಂಡಲಿಗಳ ಮತವನ್ನಷ್ಟೇ ಎಣಿಸಿದರೆ ಲೊರೀನಳಿಗೆ ೨೯೬; ಅಜ್ಜಿಯರಿಗೆ ೯೪, ಸ್ಥಾನ ಹನ್ನೊಂದನೆಯದು.

ಇಷ್ಟು ಅಂತರಕ್ಕೆ ಕಾರಣವೇನು? ಮಂಡಲಿಯವರು ಕಿವುಡರು, ಜನ ರಸಿಕರು ಎನ್ನುವುದು ಸುಲಭ. ಜನ ಮರುಳರು, ಮಂಡಲಿಯವರು ವಿವೇಕಿಗಳು ಎನ್ನುವುದೂ ಅಷ್ಟೇ ಸುಲಭ. ನಿಜವಾಗಿ ಇಬ್ಬರು ಅಳೆದ ವಸ್ತುಗಳೇ ಬೇರೆ. ವೃತ್ತಿಯವರ ಕೈಯಲ್ಲಿದ್ದ ಮಾನದಂಡ ಕಂಠದ ಶಕ್ತಿ, ರಚನೆಯ ಸ್ವೋಪಜ್ಞತೆ, ಪ್ರದರ್ಶನದ ಕೌಶಲ ಮೊದಲಾದವುಗಳದು. ಸಮೂಹಗಾನದಲ್ಲಿ, ಅದರಲ್ಲಿಯೂ ಹಬ್ಬ ಹುಣ್ಣಿಮೆಗಳಲ್ಲಿ ಮನೆಯ ಹೆಂಗಸರು ಕೂಡಿ ಹಾಡುವ ಹಾಡಿನಲ್ಲಿ, ಒಬ್ಬರ ಕಂಠ ಎದ್ದು ಕಾಣಬಾರದು ಎಂಬುದೇ ಧರ್ಮ. ಬೀಸುವಾಗಲೋ ನಾಟಿ ಹಾಕುವಾಗಲೋ ನಮ್ಮ ಹಳ್ಳಿಯ ಹೆಂಗಸರು ಹಾಡುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೇಳುವವನೆಂಬ ಬೇರೆ ವ್ಯಕ್ತಿಯೇ ಇರುವುದಿಲ್ಲ; ಹಾಡುವವರೆಲ್ಲ ಕೇಳುವವರು. ಅಂಥ ಹಾಡನ್ನು ಕಛೇರಿಯ ಕಟ್ಟಳೆಯಿಂದ ತೂಗಿದರೆ ಹನ್ನೊಂದನೆಯ ಸ್ಥಾನವೂ ಉದಾರವೇ. ಮೊದಲನೆಯ ಪಕ್ಷದವರು ಹೇಳಿದ ದೋಷಗಳೆಲ್ಲ ಇದ್ದವೆಂದೇ ಒಪ್ಪಬಹುದು. ಆ ದೋಷಗಳು ದೋಷವಾದದ್ದು ವೇದಿಕೆ ಬದಲಾದ್ದರಿಂದ ಎಂಬುದನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮುದಿತನವನ್ನು ಕಂಡು ಕನಿಕರದಿಂದ ಜನ ಮತ ಹಾಕಿದರು ಎಂಬ ಮಾತೂ ನಿಲ್ಲುವುದಿಲ್ಲ. ಅದೇ ರಾತ್ರಿ ಬ್ರಿಟನ್ನಿನ ಪರವಾಗಿ ಹಾಡಿದ ಎಂಗೆಲ್ಬರ್ಟ್ ಹಂಪರ್ಡಿಂಕ್ ಜಗತ್ಪ್ರಸಿದ್ಧ ಗಾಯಕ. ಅವನು ಹುಟ್ಟಿದ್ದು ನಮ್ಮ ನೆರೆಯ ಮದರಾಸಿನಲ್ಲಿ, ೧೯೩೬ರಲ್ಲಿ. ಅವನಿಗೆ ಅಂದು ೭೬ ವರ್ಷ. ಅಜ್ಜಿಯರ ತಂಡದಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದು ಎಲ್ಲರ ಕಣ್ಮಣಿಯಾದ ನತಾಲ್ಯಾ ಪುಗಾಚೋವಾಗೂ ಅಷ್ಟೇ ವಯಸ್ಸು. ಪಳಗಿದ ಕಂಠದಲ್ಲಿ ಪ್ರೇಮಗೀತೆಯನ್ನು ಹಾಡಿದ ಆ ಹಿರಿಯ ಗಾಯಕನಿಗೆ ದೊರೆತದ್ದು ೧೨ ಅಂಕ, ಇಪ್ಪತ್ತಾರರಲ್ಲಿ ಇಪ್ಪತ್ತೈದನೆಯ ಸ್ಥಾನ. ವಯಸ್ಸೇ ಮತವನ್ನು ತರುವುದಾಗಿದ್ದರೆ ಹೀಗಾಗುತ್ತಿರಲಿಲ್ಲ.

ಜನರನ್ನು ಸೆಳೆದದ್ದು ಹಾಗಾದರೆ ಯಾವುದು? ಭರತನ ಬಳಿಗೆ ಮತ್ತೆ ಹೋಗೋಣ. ಹಾಸ್ಯದ ವಿಭಾವಗಳನ್ನು ಹೇಳುವಾಗ ಅವನು ಮೊದಲು ಹೆಸರಿಸುವುದು ವಿಕೃತವಾದ ವೇಷವನ್ನೂ ಅಲಂಕಾರವನ್ನೂ. ವಿಕೃತವೆಂದರೆ ಇರಬೇಕಾದಂತೆ ಇಲ್ಲದ್ದು, ಸ್ಥಾನ ತಪ್ಪಿದ್ದು. ಅಜ್ಜಿಯರ ಚೌಕ, ನಮ್ಮ ಕಾಸಿನ ಸರವನ್ನು ನೆನಪಿಗೆ ತರುವ ಅವರ ನಾಣ್ಯದ ಆಭರಣ, ನಾರಿನ ಪಾದರಕ್ಷೆ ಇವು ಬುರಾನೊವೊದ ಹಬ್ಬದ ದಿನ ವಿಕೃತವಲ್ಲ; ಅಲ್ಲಿ ಅದು ಅಂದದ ಉಡುಗೆ. ವಿದ್ಯುದ್ದೀಪಗಳಿಂದ ಥಳಥಳಿಸುವ ಬಾಕುವಿನ ವೇದಿಕೆಯಲ್ಲಿ ಅದೇ ಉಡುಗೆ ನಗೆ ತರಿಸಿತು. ವೈಚಿತ್ರ್ಯವಿದ್ದದ್ದು ಉಡುಗೆಯಲ್ಲಿ ಅಲ್ಲ, ಹಳ್ಳಿಗೂ ವೇದಿಕೆಗೂ ನಡುವಣ ದೂರದಲ್ಲಿ.

ಆ ದೂರವನ್ನು ಕಂಡು ಹುಟ್ಟಿದ ನಗೆ ಎರಡು ದಾರಿ ಹಿಡಿಯಬಹುದು. ಹಳ್ಳಿಯವಳು ಇಲ್ಲಿಗೇಕೆ ಬಂದಳು ಎಂಬ ನಗೆ ಒಂದು. ಅದು ಭರತನ ಅಪಹಸಿತ. ಅಸ್ಥಾನದಲ್ಲಿ ಹುಟ್ಟುವ ನಗೆ ಎಂದೇ ಅವನು ಅದನ್ನು ಲಕ್ಷಿಸುತ್ತಾನೆ. ಇಷ್ಟೆಲ್ಲ ಬೆಳಕಿನ ನಡುವೆಯೂ ಇವಳು ತನ್ನ ಮನೆಯಲ್ಲಿದ್ದಂತೆಯೇ ಇದ್ದಾಳಲ್ಲ ಎಂಬ ಬೆರಗಿನ ನಗೆ ಇನ್ನೊಂದು. ಅದು ಸ್ಮಿತ. ಎರಡನೆಯ ಪಕ್ಷದ ಅಭಿಮಾನಿಗಳ ನಗೆ ಈ ಜಾತಿಯದು. ಮತ್ತೊಂದು ಸಂಗತಿಯನ್ನೂ ಮರೆಯುವಂತಿಲ್ಲ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂದು ಶಾಸ್ತ್ರ ಹಾಸ್ಯವನ್ನು ಇಬ್ಭಾಗ ಮಾಡುತ್ತದೆ. ಅಜ್ಜಿಯರು ನಗಿಸಿದರು, ತಾವೂ ನಕ್ಕರು. ಎದುರಿನವರು ನಗುತ್ತಾರೆಂದು ತಿಳಿದೂ ತಾವೂ ಅವರೊಡನೆ ನಗುವವರನ್ನು ಅವಮಾನಿಸುವುದು ಅಷ್ಟು ಸುಲಭವಲ್ಲ. ಅಪಹಾಸ್ಯಕ್ಕೆಂದು ಕುಳಿತವರನ್ನೂ ಮೂರು ನಿಮಿಷಗಳಲ್ಲಿ ತಮ್ಮ ಹಬ್ಬದ ಅತಿಥಿಗಳನ್ನಾಗಿ ಮಾಡಿಕೊಂಡದ್ದು ಅವರ ನಿಜವಾದ ಸಾಮರ್ಥ್ಯ.

ಸಣ್ಣ ನುಡಿಗಳು ಈ ವೇದಿಕೆಗೆ ಬಂದದ್ದು ಅದೇ ಮೊದಲಲ್ಲ. ೧೯೮೦ರಲ್ಲಿ ನಾರ್ವೆ ಸಾಮಿ ಜನರ ಗಾನಪದ್ಧತಿಯನ್ನು ತಂದಿತ್ತು. ೧೯೯೬ರಲ್ಲಿ ಫ್ರಾನ್ಸ್ ಬ್ರೆಟನ್ ನುಡಿಯಲ್ಲಿ ಹಾಡಿಸಿತ್ತು. ೨೦೦೪ರಲ್ಲಿ ಎಸ್ಟೋನಿಯಾ ತನ್ನ ದಕ್ಷಿಣದ ವೋರೊ ನುಡಿಯನ್ನು ತಂದಿತ್ತು. ಇವು ಗಂಭೀರವಾಗಿ ಬಂದವು, ಗಂಭೀರವಾಗಿಯೇ ಹಿಂದೆ ಉಳಿದವು. ನಗುತ್ತ ಬಂದ ಉದ್ಮುರ್ತ್ ಎರಡನೆಯ ಸ್ಥಾನಕ್ಕೆ ಏರಿತು. ಆದುದರಿಂದ ಇಂಗ್ಲಿಷ್ ಪಲ್ಲವಿಯನ್ನು ಹಳಿಯುವ ಮೂರನೆಯ ಪಕ್ಷದವರ ಅಭಿರುಚಿ ಸರಿಯಾದರೂ, ಆ ಪಲ್ಲವಿಯಿಲ್ಲದೆ ಅಷ್ಟು ಕಿವಿಗಳು ತೆರೆಯುತ್ತಿದ್ದವೇ ಎಂಬ ಪ್ರಶ್ನೆಗೆ ಅವರೂ ಉತ್ತರ ಹೇಳಬೇಕಾಗುತ್ತದೆ.

ಉತ್ತರ ಎಲ್ಲ ಕಾಲಕ್ಕೂ ಒಂದೇ ಅಲ್ಲ ಎನ್ನುವುದಕ್ಕೆ ೨೦೨೩ರ ಸಂಗತಿ ಸಾಕ್ಷಿ. ಆ ವರ್ಷ ಲಿವರ್‌ಪೂಲಿನಲ್ಲಿ ಫಿನ್‌ಲೆಂಡಿನ ಕ್ಯಾರಿಯಾ ಎಂಬ ಯುವಕ ಗಿಡಿಹಸಿರು ಬಣ್ಣದ ಉಬ್ಬಿದ ತೋಳುಗಳನ್ನು ತೊಟ್ಟು, ವಾರವೆಲ್ಲ ದುಡಿದು ದಣಿದವನೊಬ್ಬ ಕುಡಿದು ಕುಣಿಯುವ ಹಾಡನ್ನು ಫಿನ್ನಿಷಿನಲ್ಲಿಯೇ ಹಾಡಿದ. ಇಂಗ್ಲಿಷಿನ ಊರುಗೋಲನ್ನು ಹಿಡಿಯಲಿಲ್ಲ. ಜನರ ಮತದಲ್ಲಿ ೩೭೬ ಅಂಕಗಳೊಡನೆ ಅವನೇ ಮೊದಲಿಗ. ಮಂಡಲಿಗಳು ಕೊಟ್ಟದ್ದು ೧೫೦. ಒಟ್ಟಿನಲ್ಲಿ ೫೨೬ ಅಂಕ ಪಡೆದು ಎರಡನೆಯವನಾದ. ೫೮೩ ಅಂಕಗಳೊಡನೆ ಗೆದ್ದವಳು ಅದೇ ಸ್ವೀಡನ್ನಿನ ಅದೇ ಲೊರೀನ್. ಹನ್ನೊಂದು ವರ್ಷಗಳ ಅಂತರದಲ್ಲಿ ಒಬ್ಬಳೇ ಗಾಯಕಿ ಎರಡು ಬಾರಿ ಗೆದ್ದಳು. ಎರಡು ಬಾರಿಯೂ ಅವಳ ಹಿಂದೆ ನಿಂತದ್ದು ಯೂರೋಪನ್ನು ನಗಿಸಿದ, ಫಿನ್ನೊ-ಉಗ್ರಿಕ್ ಕುಲದ ನುಡಿಯೊಂದರ ಹಾಡು. ಅಭಿಮಾನಿಗಳ ಜಗಳವೂ ಅದೇ: ಜನ ಆರಿಸಿದ್ದನ್ನು ಮಂಡಲಿ ತಡೆಯಬಹುದೇ, ನಗೆಗೆ ಹಾಡಿನ ಮರ್ಯಾದೆ ಸಲ್ಲಬೇಕೇ ಬೇಡವೇ ಎಂಬುದು.

ನಗೆ ಒಂದೇ ಆದರೂ ನುಡಿಗಳ ಹಣೆಬರಹ ಒಂದೇ ಆಗಿರಲಿಲ್ಲ. ಫಿನ್ನಿಷಿಗೆ ತನ್ನದೇ ರಾಜ್ಯವಿದೆ, ಶಾಲೆಗಳಿವೆ, ವಿಶ್ವವಿದ್ಯಾನಿಲಯಗಳಿವೆ. ಹಾಡು ಸೋತರೂ ಗೆದ್ದರೂ ಮಾರನೆಯ ಬೆಳಗ್ಗೆ ಮಕ್ಕಳು ಅದೇ ಭಾಷೆಯಲ್ಲಿ ಪಾಠ ಓದುತ್ತಾರೆ. ಉದ್ಮುರ್ತಿನ ಸ್ಥಿತಿ ಬೇರೆ. ೨೦೦೨ರ ಜನಗಣತಿಯಲ್ಲಿ ರಷ್ಯದಲ್ಲಿ ಅದನ್ನು ಬಲ್ಲೆವೆಂದವರು ಸುಮಾರು ೪ ಲಕ್ಷ ೬೪ ಸಾವಿರ. ೨೦೧೦ರಲ್ಲಿ ಸುಮಾರು ೩ ಲಕ್ಷ ೨೪ ಸಾವಿರ. ಅಜ್ಜಿಯರು ಬಾಕುವಿನಲ್ಲಿ ಹಾಡುವ ಹೊತ್ತಿಗೆ, ಎಂಟು ವರ್ಷಗಳಲ್ಲಿ, ಬಲ್ಲವರ ಸಂಖ್ಯೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ತಮ್ಮನ್ನು ಉದ್ಮುರ್ತರೆಂದು ಬರೆಸಿದವರ ಸಂಖ್ಯೆಯೇ ೨೦೧೦ರಲ್ಲಿ ೫ ಲಕ್ಷ ೫೨ ಸಾವಿರವಿದ್ದದ್ದು ೨೦೨೧ರ ಗಣತಿಯಲ್ಲಿ ೩ ಲಕ್ಷ ೮೬ ಸಾವಿರದ ಸುಮಾರಿಗೆ ಬಂತು. ಅವರನ್ನು ಯೂರೋಪಿನ ಪತ್ರಿಕೆಗಳು ಬಹುಮಟ್ಟಿಗೆ ಕರೆದದ್ದು ರಷ್ಯನ್ ಅಜ್ಜಿಯರೆಂದು. ಹೆಸರಿನಲ್ಲಿಯೂ ಅವರ ನುಡಿ ಮರೆಯಾಗಿತ್ತು.

ಆಮೇಲೆ ನಡೆದದ್ದು ಇನ್ನೂ ಗಂಭೀರ. ನಾಲ್ಕನೆಯ ಪಕ್ಷದವರ ಸಂದೇಹಕ್ಕೆ ಸ್ವಲ್ಪ ಕಾಲದಲ್ಲಿಯೇ ಆಧಾರ ಸಿಕ್ಕಿತು. ತಂಡದ ಹೆಸರಿನ ಹಕ್ಕು ನಿರ್ಮಾಪಕರ ಕಡೆಗಿತ್ತು. ೨೦೧೪ರಲ್ಲಿ ಆ ಹೆಸರಿನಡಿ ಬೇರೆ ಗಾಯಕಿಯರು ಹಾಡತೊಡಗಿದರು. ಊರಿನ ಹೆಂಗಸರು ಸ್ವಲ್ಪ ಬದಲಾಯಿಸಿದ ಬೇರೊಂದು ಹೆಸರಿನಲ್ಲಿ ಹಾಡಬೇಕಾಯಿತು. ೨೦೧೮ರಲ್ಲಿ ರಷ್ಯದ ಶಾಸನಸಭೆ ಗಣರಾಜ್ಯಗಳ ಸ್ಥಳೀಯ ಭಾಷೆಗಳ ಕಲಿಕೆಯನ್ನು ಐಚ್ಛಿಕವಾಗಿಸುವ ಕಾನೂನನ್ನು ಮಾಡಿತು. ಮರುವರ್ಷ, ೨೦೧೯ರ ಸೆಪ್ಟೆಂಬರ್ ೧೦ರಂದು, ಆಲ್ಬರ್ಟ್ ರಾಜಿನ್ ಎಂಬ ೭೯ ವರ್ಷದ ಉದ್ಮುರ್ತ್ ವಿದ್ವಾಂಸ ಇಝೆವ್ಸ್ಕ್ ನಗರದಲ್ಲಿ ಪ್ರಾಂತದ ಶಾಸನಸಭಾಭವನದ ಎದುರು ತನ್ನ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ನೀಗಿದ. ಅವನ ಕೈಯಲ್ಲಿದ್ದ ಫಲಕದ ಮೇಲೆ ದಾಗೆಸ್ತಾನದ ಕವಿ ರಸೂಲ್ ಗಮ್ಜಾತೊವ್ ತಾಯ್ನುಡಿಯ ಅಳಿವನ್ನು ಕುರಿತು ಆಡಿದ ಮಾತಿತ್ತು. ಅದೇ ವರ್ಷ ನತಾಲ್ಯಾ ಪುಗಾಚೋವಾ ಕೂಡ ತೀರಿಕೊಂಡರು. ೨೦೨೨ರಲ್ಲಿ ಯುಕ್ರೇನಿನ ಮೇಲಣ ದಾಳಿಯ ಕಾರಣದಿಂದ ರಷ್ಯವನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಅಜ್ಜಿಯರು ಹಿಡಿದಿದ್ದ ಆ ದಾರಿಯೂ ಅಲ್ಲಿಗೆ ಮುಚ್ಚಿತು.

ಹಾಡಿಗೂ ಆ ವಿದ್ವಾಂಸನ ಮರಣಕ್ಕೂ ನೇರವಾದ ಸಂಬಂಧವನ್ನು ನಾನು ಕಲ್ಪಿಸುತ್ತಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಚಪ್ಪಾಳೆಯ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದು ತಿಳಿಯುತ್ತದೆ. ಯೂರೋಪಿನ ನಗೆ ಒಂದು ನುಡಿಯ ಹೆಸರನ್ನು ಒಂದು ರಾತ್ರಿ ಬೆಳಗಿಸಿತು. ಅದು ಸಣ್ಣ ಉಪಕಾರವಲ್ಲ. ಹಳ್ಳಿಯ ಮನೆಯಲ್ಲಿ ಮೊಮ್ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು, ಶಾಲೆಯಲ್ಲಿ ಯಾವ ಪುಸ್ತಕ ತೆರೆಯಬೇಕು ಎಂಬುದನ್ನು ನಿರ್ಧರಿಸಲು ಅದಕ್ಕೆ ಸಾಧ್ಯವಿರಲಿಲ್ಲ. ದೂರದವರು ಮೆಚ್ಚಿದರೆಂದು ನುಡಿ ಉಳಿಯುವುದಿಲ್ಲ. ಮನೆಯವರು ಬಳಸಿದರೆ ಉಳಿಯುತ್ತದೆ. ತುಳು, ಕೊಡವ ಮೊದಲಾದ ನುಡಿಗಳೊಡನೆ ಒಂದೇ ನಾಡಿನಲ್ಲಿ ಬಾಳುತ್ತಿರುವ ನಮಗೂ, ಮನೆಯ ಮಕ್ಕಳ ಬಾಯಲ್ಲಿ ಕನ್ನಡ ಎಷ್ಟು ಉಳಿದಿದೆಯೆಂದು ಯೋಚಿಸುವ ನಮಗೂ, ಈ ಮಾತು ಪರದೇಶದ್ದೆನಿಸಬೇಕಾಗಿಲ್ಲ.

ಅಭಿಮಾನಿಗಳ ನಾಲ್ಕು ಪಕ್ಷಗಳಲ್ಲಿಯೂ ಒಂದೊಂದು ಪಾಲು ಸತ್ಯವಿತ್ತು. ಕಂಠ ಪಳಗಿದ್ದಲ್ಲ ಎಂದವರೂ, ಸಂತೋಷ ನಿಜವಾದದ್ದು ಎಂದವರೂ, ಪಲ್ಲವಿ ತೇಪೆ ಎಂದವರೂ, ಲಾಭ ಬೇರೆಯವರದು ಎಂದವರೂ ತಮಗೆ ಕಂಡದ್ದನ್ನೇ ಹೇಳಿದರು. ಅವರಲ್ಲಿ ಹೆಚ್ಚಿನವರು ಕೇಳಿಸಿಕೊಳ್ಳದೆ ಬಿಟ್ಟದ್ದು ಹಾಡಿನ ಉದ್ಮುರ್ತ್ ಮಾತನ್ನು. ವಿಚಿತ್ರವಾದ ಹಾಡೊಂದು ಎದುರಾದಾಗ ನಗು ಬಂದರೆ ನಗಬಹುದು, ಅದರಲ್ಲಿ ತಪ್ಪಿಲ್ಲ. ನಕ್ಕಾದ ಮೇಲೆ ಆ ಮಾತಿನ ಅರ್ಥವೇನೆಂದು ಒಮ್ಮೆ ವಿಚಾರಿಸುವುದು ಕೇಳುಗನ ಧರ್ಮ. ಬಾಕುವಿನಲ್ಲಿ ಹಾಗೆ ವಿಚಾರಿಸಿದವರಿಗೆ ತಿಳಿದದ್ದು ಇಷ್ಟು: ಹಿಟ್ಟು ನಾದಿಟ್ಟು, ಒಲೆ ಹೊತ್ತಿಸಿ, ಮಕ್ಕಳು ಮನೆಗೆ ಬರುತ್ತಾರೆಂದು ಆ ಮುದುಕಿಯರು ಕಾಯುತ್ತಿದ್ದರು.